ತವರಕ್ಕೊಂದು ಕೊಂಬು

ಹಿಲಾರಿಯಾ ಚೋಕೆಗೆ ಬೆಳಗಿನ ಪಾಳಿ.
ಒರೂರೊ ಪಟ್ಟಣದಾಚೆ, ಕುಲುಮೆಯ ಬೇಲಿಯೊಳಗೆ
ತಗಡಿನ ಮಾಡಿನ ಪ್ರಯೋಗಶಾಲೆ;
ಕಿಟಕಿಗೆ ಹತ್ತಿದ ಹಿಮ ಕೆರೆದು ನೋಡಿದರೆ
ಹುಲ್ಲು ಕೂಡ ಹಲ್ಲು ಕಡಿಯುವ ಬಯಲು.

ಗಟ್ಟಿಯ ಮೂಲೆಯಿಂದ ಚೂರು ಕತ್ತರಿಸಿ
ಆಮ್ಲದಲ್ಲಿ ಕರಗಿಸಿ, ಜ್ವಾಲೆಗೆ ಊಡಿ
ದಿನವೂ ಬರೆಯುವುದು ಒಂದೇ ಸಾಲು:
ತವರ, ತೊಂಬತ್ತೊಂಬತ್ತು ಪಾಯಿಂಟ್ ಒಂಬತ್ತು ಐದು.
ಉಳಿದದ್ದು ಕಲ್ಮಶ. ಆಂಟಿಮನಿ, ಬಿಸ್ಮತ್,
ಹೆಸರು ಹೇಳಲು ನಾಚುವ ಒಂದಿಷ್ಟು ಸೀಸ.

ಗಟ್ಟಿಗಳು ರೈಲು ಹತ್ತಿ ಕಡಲಿಗೆ ಹೋಗುತ್ತವೆ,
ಕಡಲಿಲ್ಲದ ದೇಶದಿಂದ.
ಇದಕ್ಕಾಗಿಯೇ ಅಪ್ಪ ಮೂವತ್ತು ವರ್ಷ
ಕೋಕಾ ಎಲೆ ದವಡೆಗಿಟ್ಟು ಬೆಟ್ಟದ ಹೊಟ್ಟೆ ಕೊರೆದ;
ಕೊನೆಗೆ ಕೆಮ್ಮಿದಾಗ ಬಂದದ್ದೂ ಬೆಟ್ಟದ ಪುಡಿಯೇ.

ಅಪ್ಪಟ ತವರದ ಕಡ್ಡಿಯೊಂದನ್ನು ಬಗ್ಗಿಸಿ ನೋಡಿ,
ಅಳುತ್ತದೆ.
ಕಟ್ಟುಕತೆಯಲ್ಲ. ಒಳಗಿನ ಹರಳುಗಳು ಮಗ್ಗುಲು ಬದಲಿಸಿ
ಕಿರ್ರೆನ್ನುತ್ತವೆ, ಹಾಲು ಬಿಡಿಸಿದ ಕೂಸಿನ ಹಾಗೆ.
ಹೊಸಬರು ಬಂದರೆ ಅವರ ಕಿವಿಗೆ ಹಿಡಿದು ಕೇಳಿಸಿ
ನಗುತ್ತಾಳೆ ಹಿಲಾರಿಯಾ.

ನಗದೆ ಹೇಳುವುದು ಇನ್ನೊಂದು:
ಕಡುಚಳಿಗೆ ಬಿಟ್ಟರೆ ಇದಕ್ಕೊಂದು ರೋಗ ಬರುತ್ತದೆ.
ಬೆಳ್ಳನೆಯ ಮೈಯಲ್ಲಿ ಬೂದಿಯ ಮಚ್ಚೆ ಎದ್ದು
ಮುಟ್ಟಿದರೆ ಉದುರುವ ಹಿಟ್ಟು.
ಶುದ್ಧವಾದಷ್ಟೂ ಬೇಗ ಬರುತ್ತದೆ.
ತಡೆಯುವುದು ಆ ಚೂರು ಬಿಸ್ಮತ್, ಆ ಚೂರು ಆಂಟಿಮನಿ,
ಅವಳೇ ಕಲ್ಮಶವೆಂದು ಬರೆದು ಗೆರೆ ಎಳೆದದ್ದು.

ಜನವರಿಯಲ್ಲಿ ತಮ್ಮ ಸಿಪ್ರಿಯಾನೊನ ಟ್ಯೂಬಾ ಬಾಯಿಬಿಟ್ಟಿತು.
ಮೆಟ್ಟಿಲಿಂದ ಬಿತ್ತು ಎಂದ. ಯಾರು ಕುಡಿದಿದ್ದರು ಎಂದು
ಯಾರೂ ಕೇಳಲಿಲ್ಲ. ಕಾರ್ನಿವಾಲಿಗೆ ಇನ್ನು ಮೂರೇ ವಾರ.
ಏಪ್ರನ್ನಿನ ಜೇಬಿನಲ್ಲಿ ಅಂಗಿ ಗುಂಡಿಯಷ್ಟು ತವರ
(ಪರೀಕ್ಷೆಯಲ್ಲಿ ಉಳಿದದ್ದು, ಲೆಕ್ಕಕ್ಕೆ ಬಾರದ್ದು, ಆದರೂ ಕದ್ದದ್ದು)
ಮುಚ್ಚಿಟ್ಟುಕೊಂಡು ಬೆಸುಗೆಯ ಸೆನೋಬಿಯೊನ ಅಂಗಡಿಗೆ ನಡೆದಳು.

ಮುದುಕ ಟ್ಯೂಬಾ ತಿರುವಿ ಬೆರಳ ಗೆಣ್ಣಿನಿಂದ ಬಡಿದ.
"ಹಿತ್ತಾಳೆ. ತಾಮ್ರ ಎರಡು ಪಾಲು, ಸತು ಒಂದು.
ಬರೀ ತಾಮ್ರದ್ದಾದರೆ ಮೊದಲ ಮೆರವಣಿಗೆಗೇ ಸೊಟ್ಟ,
ಬರೀ ಸತುವಿನದಾದರೆ ಬಗ್ಗಿಸುವಾಗಲೇ ಬಿರುಕು."
ಆಮೇಲೆ ಅವಳ ಗುಂಡಿಯನ್ನು ಕಚ್ಚಿ ನೋಡಿದ.
"ಬಲು ಚೊಕ್ಕ. ಇಷ್ಟು ಚೊಕ್ಕ ಯಾರಿಗೆ ಬೇಕು?"
ಹಳೆಯ ಕೊಳಾಯಿಯ ಸೀಸ ತುಂಡರಿಸಿ ಜೊತೆಗೆ ಹಾಕಿದ.

ತವರ ಕರಗಲು ಇನ್ನೂರ ಮೂವತ್ತೆರಡು ಡಿಗ್ರಿ.
ಸೀಸಕ್ಕೆ ಮುನ್ನೂರ ಇಪ್ಪತ್ತೇಳು.
ಹದವರಿತು ಕೂಡಿದರೆ ನೂರ ಎಂಬತ್ತಮೂರಕ್ಕೇ,
ಇಬ್ಬರ ಹಟಕ್ಕಿಂತಲೂ ಎಷ್ಟೋ ಕೆಳಗೆ,
ಇಬ್ಬರೂ ಒಟ್ಟಿಗೇ ನೀರು.
ಹಿಲಾರಿಯಾಗೆ ಇದೆಲ್ಲ ಬಾಯಿಪಾಠ.
ಬಾಯಿಪಾಠವಿದ್ದೂ ಬಗ್ಗಿ ನೋಡಿದಳು:
ಕಬ್ಬಿಣದ ಸೌಟಿನಲ್ಲಿ ಒಂದು ಚಂದ್ರ ನಡುಗಿತು.

ಅವಳವ್ವ ಬತ್ತಿದ ಸರೋವರದ ಬೆಸ್ತರವಳು,
ಅಪ್ಪ ಕಣಿವೆಯ ಕ್ವೆಚುವಾ.
ಜನಗಣತಿಯವನು ಬಂದು, ಅಮ್ಮಾ,
ಯಾವ ಚೌಕಕ್ಕೆ ಗುರುತು ಹಾಕಲಿ ಎಂದಾಗ
ಅವನಿಗೆ ಟೀ ಕೊಟ್ಟಿದ್ದಳು.

ನನ್ನ ನುಡಿಯಲ್ಲಿ ಈ ಲೋಹದ ಹೆಸರಿನ ತುದಿಗೆ
ಒಂದು ಕೊಂಬು ಕೊಟ್ಟರೆ ತವರು.
ಅಳುತ್ತ ಬಿಟ್ಟುಬರುವ ಮನೆ.
ಹೇಳುವುದು ಹೇಗೆ ಇದನ್ನು ಹಿಲಾರಿಯಾಗೆ?
ಅವಳು ಕಂಡ ಕೊಂಬು ಒಂದೇ:
ತಮ್ಮನ ಹೆಗಲು ಸುತ್ತಿ ಬಾಯಿ ತೆರೆದು ನಿಂತದ್ದು,
ಹಳದಿ ಮೈಗೆ ಬೂದುಬಣ್ಣದ ಒಂದು ಹೊಲಿಗೆ.

ಕಾರ್ನಿವಾಲಿನಂದು ಬೀದಿಗೆ ಬೀದಿಯೇ ಹಿತ್ತಾಳೆ ಕಿವಿ.
ಮುಖವಾಡದ ದೆವ್ವಗಳ ಹಿಂದೆ ವಾದ್ಯದ ಸಾಲು,
ಸಾಲಿನ ಕೊನೆಗೆ ಸಿಪ್ರಿಯಾನೊ, ತಾಳಕ್ಕಿಂತ ಅರೆಹೆಜ್ಜೆ ತಡ.
ರಾತ್ರಿ ಬೂಟು ಬಿಚ್ಚುತ್ತ ಗೊಣಗಿದ:
ಕೆಳಗಿನ ಸ್ವರಕ್ಕಿಳಿದರೆ ಬೆಸುಗೆಯ ಜಾಗ
ಸಣ್ಣಗೆ ಏನೋ ಅನ್ನುತ್ತದಕ್ಕಾ.

ಅನ್ನಲಿ ಬಿಡು, ಅಂದಳು.